ಯಾವ ಜೆಲ್ ಆರಿಸಲಿ? ಮೂರು ಆಯಾಮದ ಡೋಸ್ ಅಳೆಯಲು ಹೊರಟವರಿಗೆ ಒಂದು ಹೋಲಿಕೆ

"ಫ್ರಿಕೆ ಜೆಲ್ ಮಾಡಲೋ, ಪ್ಯಾಗ್ಯಾಟ್ ಮಾಡಲೋ, ನೈಪ್ಯಾಮ್‌ಗೆ ಹೋಗಲೋ, ಇಲ್ಲ ದುಡ್ಡು ಕೊಟ್ಟು ಪ್ರೆಸೇಜ್ ತರಿಸಲೋ?" ನಾಲ್ಕೂ ವಿಕಿರಣ ಬಿದ್ದ ಕಡೆ ಬದಲಾಗಿ, ಎಲ್ಲಿ ಎಷ್ಟು ಡೋಸ್ ಬಿತ್ತು ಅಂತ ತಮ್ಮೊಳಗೇ ಗುರುತಿಟ್ಟುಕೊಳ್ಳುವ ವಸ್ತುಗಳು. ರೇಡಿಯೊಥೆರಪಿಯ (ವಿಕಿರಣ ಚಿಕಿತ್ಸೆಯ) ಡೋಸನ್ನು ಮೂರು ಆಯಾಮದಲ್ಲಿ ಅಳೆಯಲು ಹೊರಟ ಮೆಡಿಕಲ್ ಫಿಸಿಸಿಸ್ಟ್‌ಗಳು, ಸಂಶೋಧನಾ ವಿದ್ಯಾರ್ಥಿಗಳು ಕೇಳುವುದು ಹೆಚ್ಚುಕಮ್ಮಿ ಇದನ್ನೇ. ನಾನು ವಾಪಸ್ ಕೇಳುವುದು ಬೇರೆ: ಜೆಲ್ ಓದಲು ನಿಮ್ಮ ಹತ್ತಿರ ಯಾವ ಯಂತ್ರ ಇದೆ? ಅದು ನಿಮಗೆ ಎಷ್ಟು ಹೊತ್ತು ಸಿಗುತ್ತದೆ?

ಯಾಕೆಂದರೆ ಬಹಳ ಜನ ರೆಸಿಪಿಯಿಂದ ಶುರುಮಾಡುತ್ತಾರೆ. ಒಳ್ಳೆಯ ಸಂವೇದನೆ ಇರುವ ಜೆಲ್ ಹುಡುಕುತ್ತಾರೆ, ರಾಸಾಯನಿಕ ತರಿಸುತ್ತಾರೆ, ಫ್ಯಾಂಟಮ್ (ರೋಗಿಯ ಬದಲಿಗೆ ಬೀಮ್‌ಗೆ ಒಡ್ಡುವ ಡಬ್ಬಿ) ತುಂಬಿಸುತ್ತಾರೆ. ಕೊನೆಗೆ ನೋಡಿದರೆ ಎಂಆರ್‌ಐ ಯಂತ್ರ ರೋಗಿಗಳಿಗೇ ಸಾಲದು, ಜೆಲ್‌ಗೆ ಎರಡು ಗಂಟೆ ಕೊಡುವವರಿಲ್ಲ. ಓದುವ ದಾರಿ ಮೊದಲು ಗೊತ್ತಾದರೆ ಅರ್ಧಕ್ಕರ್ಧ ಜೆಲ್‌ಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ. ಈ ಬರಹವೂ ಅದೇ ಕ್ರಮದಲ್ಲಿದೆ.

ಜೆಲ್ ಬೇಕೇ ಬೇಕಾ?

ದಿನನಿತ್ಯದ ಪೇಶೆಂಟ್ ಕ್ಯೂಎ (ರೋಗಿಯ ಪ್ಲಾನ್ ಪ್ರಕಾರವೇ ಡೋಸ್ ಬೀಳುತ್ತದಾ ಅನ್ನುವ ಪರೀಕ್ಷೆ) ನಿಮ್ಮ ಉದ್ದೇಶವಾದರೆ ಜೆಲ್ ಬೇಡ. ಡಯೋಡ್ ಜೋಡಿಸಿದ ಸಾಧನಗಳು ಅದಕ್ಕೆ ಸಾಕು. ಅಂಥದ್ದೇ ಒಂದಾದ ಆರ್ಕ್‌ಚೆಕ್‌ನಲ್ಲಿ 1386 ಡಯೋಡ್‌ಗಳಿವೆ. ಬೀಮ್ ಕೊಟ್ಟ ಕೆಲವೇ ನಿಮಿಷದಲ್ಲಿ ಉತ್ತರ ಕೈಯಲ್ಲಿರುತ್ತದೆ. ಆದರೆ ಎರಡು ಡಯೋಡ್‌ಗಳ ನಡುವೆ 10 ಮಿ.ಮೀ. ಅಂತರ ಇದೆ, ಅವೆಲ್ಲ ಒಂದು ಸಿಲಿಂಡರಿನ ಮೈಮೇಲೆ ಕೂತಿವೆ. ಒಳಗಿನ ಡೋಸ್ ಅಳತೆಯಲ್ಲ, ಲೆಕ್ಕ. ಫಿಲ್ಮ್ ತೀರಾ ಸೂಕ್ಷ್ಮವಾಗಿ ತೋರಿಸುತ್ತದೆ, ಆದರೆ ಒಂದೇ ಸಮತಲದಲ್ಲಿ. ಅಯಾನ್ ಚೇಂಬರನ್ನು ಎಲ್ಲರೂ ನಂಬುತ್ತಾರೆ, ಆದರೆ ಅದು ಅಳೆಯುವುದು ಒಂದು ಬಿಂದು.

ಜೆಲ್‌ನ ಜಾಗ ಇರುವುದು ಇವು ಕೈಚೆಲ್ಲುವ ಕಡೆ. ಒಂದೇ ಐಸೋಸೆಂಟರಿನಿಂದ (ಯಂತ್ರ ಯಾವ ಬಿಂದುವಿನ ಸುತ್ತ ತಿರುಗುತ್ತದೋ ಅದು) ಮೆದುಳಿನ ನಾಲ್ಕೈದು ಪುಟ್ಟ ಗಡ್ಡೆಗಳಿಗೆ ಒಟ್ಟಿಗೆ ಡೋಸ್ ಕೊಡುತ್ತೀರಿ ಅನ್ನಿ. ಒಂದೊಂದು ಗುರಿ ಒಂದೊಂದು ದಿಕ್ಕಿನಲ್ಲಿ. ಟೇಬಲ್ ಒಂದು ಡಿಗ್ರಿ ತಿರುಗಿದರೂ ದೂರದ ಗಡ್ಡೆ ತಪ್ಪುತ್ತದೆ. ಅಲ್ಲಿ ಫಿಲ್ಮ್ ಎಲ್ಲಿಡುತ್ತೀರಿ? ಬ್ರಾಕಿಥೆರಪಿಯಲ್ಲಿ ದೇಹದೊಳಗೆ ಇಡುವ ವಿಕಿರಣ ಮೂಲದ ಸುತ್ತ ಡೋಸ್ ಕಡಿದಾಗಿ ಇಳಿಯುವ ಜಾಗ, ಹೊಸ ತಂತ್ರವನ್ನು ಸಿಟಿ ಸ್ಕ್ಯಾನಿನಿಂದ ಬೀಮ್ ತನಕ ಒಂದೇ ಏಟಿಗೆ ಪರೀಕ್ಷಿಸುವುದು, ಎಂಆರ್-ಲಿನಾಕ್ (ಎಂಆರ್‌ಐ ಮತ್ತು ಬೀಮ್ ಎರಡೂ ಇರುವ ಯಂತ್ರ), ಆಕಾರ ಬದಲಾಗುವ ಅಂಗದ ಅಧ್ಯಯನ, ಇಂಥವಕ್ಕೆ ಜೆಲ್ ಮಾಡುವ ಶ್ರಮ ಸಾರ್ಥಕ. ಜೆಲ್‌ನ ಬಹುಭಾಗ ನೀರು. ಹಾಗಾಗಿ ಅದೇ ಫ್ಯಾಂಟಮ್, ಅದೇ ಡಿಟೆಕ್ಟರ್. ಯಾವ ಆಕಾರದ ಡಬ್ಬಿಯಲ್ಲಿ ಬೇಕಾದರೂ ಸುರಿಯಬಹುದು, ಬೀಮ್ ಯಾವ ಕಡೆಯಿಂದ ಬಂದರೂ ಅದಕ್ಕೆ ವ್ಯತ್ಯಾಸವಿಲ್ಲ.

ತೂಗುವ ಅಳತೆಗಳು

ಈ ಕ್ಷೇತ್ರದಲ್ಲಿ 2001ರಿಂದ ಒಂದು ಗುರಿ ಚಾಲ್ತಿಯಲ್ಲಿದೆ. ಒಳ್ಳೆಯ ಮೂರು ಆಯಾಮದ ಡೋಸಿಮೀಟರ್ 1 ಮಿ.ಮೀ. ವಿವರದಲ್ಲಿ, 1 ಗಂಟೆಯೊಳಗೆ, 3% ನಿಖರತೆ ಮತ್ತು 1% ಪುನರಾವರ್ತನೆಯೊಂದಿಗೆ ಡೋಸ್ ಕೊಡಬೇಕು ಅನ್ನುವುದು. ನೇರವಾಗಿ ಹೇಳಬೇಕೆಂದರೆ, ಈ ನಾಲ್ಕನ್ನೂ ಒಟ್ಟಿಗೆ ಆರಾಮವಾಗಿ ಮುಟ್ಟುವ ಮನೆಯಲ್ಲೇ ಕಲಸಿದ ಪಾಲಿಮರ್ ಜೆಲ್ ಇಲ್ಲ. ಮೊದಲು ಕೈಬಿಡುವುದು ಸಾಮಾನ್ಯವಾಗಿ ಆ ಒಂದು ಗಂಟೆಯನ್ನೇ.

ಇವುಗಳ ಜೊತೆಗೆ ನಾನು ನೋಡುವುದು ಇಷ್ಟು: ಜೆಲ್‌ಗೆ ಆಕ್ಸಿಜನ್ ಎಷ್ಟು ಕಾಟ ಕೊಡುತ್ತದೆ, ಡೋಸ್ ರೇಟ್ ಬದಲಾದರೆ ಉತ್ತರ ಬದಲಾಗುತ್ತದಾ, ಮೂಡಿದ ಚಿತ್ರ ಎಷ್ಟು ಹೊತ್ತು ಅಲುಗದೆ ಇರುತ್ತದೆ, ಎಷ್ಟು ಗ್ರೇ (ಡೋಸಿನ ಮಾನ) ತನಕ ಸರಳರೇಖೆಯಲ್ಲಿ ಹೋಗುತ್ತದೆ, ಮತ್ತೆ ಮಾಡುವವರ ಆರೋಗ್ಯಕ್ಕೆ ಎಷ್ಟು ಅಪಾಯ.

ಓದುವ ಯಂತ್ರ: ನಿಜವಾದ ಆಯ್ಕೆ ಇಲ್ಲೇ

ಎಂಆರ್‌ಐಯಿಂದಲೇ ಈ ವಿದ್ಯೆ ಶುರುವಾದದ್ದು. 1984ರಲ್ಲಿ ಗೋರ್ ಮತ್ತು ಸಂಗಡಿಗರು ಕಬ್ಬಿಣದ ಅಯಾನ್‌ಗಳಿರುವ ಹಳೆಯ ಫ್ರಿಕೆ ದ್ರಾವಣದ ಬದಲಾವಣೆಯನ್ನು ಎಂಆರ್‌ಐಯಲ್ಲಿ ಕಾಣಬಹುದು ಅಂತ ತೋರಿಸಿದರು. ಪಾಲಿಮರ್ ಜೆಲ್‌ನಲ್ಲಿ ಡೋಸ್ ಬಿದ್ದ ಕಡೆ ಮಾನೋಮರ್ ಅನ್ನುವ ಸಣ್ಣ ಅಣುಗಳು ಕೂಡಿಕೊಂಡು ಪಾಲಿಮರ್ ಆಗುತ್ತವೆ. ಅದರ ಹತ್ತಿರದ ನೀರಿನ ಅಣುಗಳ ಓಡಾಟ ನಿಧಾನವಾಗುತ್ತದೆ, ಟಿ2 (ಎಂಆರ್‌ಐ ಸಿಗ್ನಲ್ ಆರಿಹೋಗಲು ಹಿಡಿಯುವ ಹೊತ್ತು) ಇಳಿಯುತ್ತದೆ. ಟಿ2ದ ತಲೆಕೆಳಗು, ಅಂದರೆ ಆರ್2, ಒಂದು ಮಿತಿಯ ತನಕ ಡೋಸ್‌ಗೆ ತಕ್ಕಂತೆ ಏರುತ್ತದೆ. ಡಬ್ಬಿ ಪಾರದರ್ಶಕ ಆಗಿರಬೇಕಿಲ್ಲ, ದೊಡ್ಡದಾಗಿರಬಹುದು, ಮನುಷ್ಯನ ತಲೆಯ ಆಕಾರದಲ್ಲೂ ಇರಬಹುದು. ಇದು ಎಂಆರ್‌ಐಯ ದೊಡ್ಡ ಬಲ.

ಅದಕ್ಕೆ ಬೆಲೆ ತೆರುವುದು ಉಷ್ಣತೆಯಲ್ಲಿ. ಆರ್2 ಅನ್ನುವುದು ಓದುವ ಹೊತ್ತಿನ ಉಷ್ಣತೆಗೆ ತಕ್ಕಂತೆ ಬದಲಾಗುತ್ತದೆ. ಫ್ರಿಜ್‌ನಿಂದ ತೆಗೆದ ಜೆಲ್ ಸೀದಾ ಕಾಯಿಲ್‌ನೊಳಗೆ ಹೋದರೆ ಹೊರಭಾಗ ಒಂದು ಡೋಸ್ ಹೇಳುತ್ತದೆ, ಮಧ್ಯಭಾಗ ಇನ್ನೊಂದು. ಸ್ಕ್ಯಾನ್ ಕೋಣೆಯಲ್ಲೇ ಗಂಟೆಗಟ್ಟಲೆ ಇಟ್ಟು ಸಮ ಮಾಡಿಕೊಳ್ಳಬೇಕು. ದೊಡ್ಡ ಫ್ಯಾಂಟಮ್ ಆದರೆ ಹಿಂದಿನ ರಾತ್ರಿಯೇ ಇಟ್ಟುಬಿಡುವುದು ಮೇಲು. ಅಷ್ಟಾದರೂ ಸ್ಕ್ಯಾನ್ ನಡೆಯುವಾಗ ರೇಡಿಯೊ ಅಲೆಗಳೇ ಜೆಲನ್ನು ಸ್ವಲ್ಪ ಬಿಸಿಮಾಡುತ್ತವೆ. ಸ್ಲೈಸ್‌ಗಳನ್ನು ಒಂದಾದ ಮೇಲೊಂದು ತೆಗೆದರೆ ಮೊದಲನೆಯದಕ್ಕೂ ಕೊನೆಯದಕ್ಕೂ ವ್ಯತ್ಯಾಸ ಬರುತ್ತದೆ. ಹೆಚ್ಚು ಎಕೋಗಳಿರುವ ಸ್ಪಿನ್-ಎಕೋ ಸೀಕ್ವೆನ್ಸ್ (ಆರುತ್ತಿರುವ ಸಿಗ್ನಲನ್ನು ಹಲವು ಸಲ ಹಿಡಿಯುವ ಸ್ಕ್ಯಾನ್ ಕ್ರಮ) ಬೇಕು, 32 ಎಕೋ ತೆಗೆಯುವವರಿದ್ದಾರೆ. ಆಸ್ಪತ್ರೆಯ ಮಾಮೂಲಿ ಟಿ2 ಚಿತ್ರದಿಂದ ಕಣ್ಣಿಗೆ ಚೆಂದದ ಚಿತ್ರ ಸಿಗುತ್ತದೆ, ಡೋಸ್ ಸಿಗುವುದಿಲ್ಲ.

ಎರಡನೆಯದು ಆಪ್ಟಿಕಲ್ ಸಿಟಿ. ಜೆಲ್‌ನ ಮೂಲಕ ಬೆಳಕು ಹಾಯಿಸಿ, ಸುತ್ತ ತಿರುಗಿಸಿ, ಎಕ್ಸ್-ರೇ ಸಿಟಿಯ ಲೆಕ್ಕದಲ್ಲೇ ಚಿತ್ರ ಕಟ್ಟುವುದು. ಆಸ್ಪತ್ರೆಯ ಯಾವ ಯಂತ್ರವನ್ನೂ ಕಾಯಬೇಕಿಲ್ಲ, ಮೇಜಿನ ಮೇಲೆ ಕೂರುತ್ತದೆ, ಸ್ಕ್ಯಾನ್ ಬೇಗ ಮುಗಿಯುತ್ತದೆ. ಆದರೆ ಜೆಲ್ ಸುತ್ತ ಅದರದ್ದೇ ವಕ್ರೀಭವನ ಸೂಚ್ಯಂಕ ಇರುವ ದ್ರವ ತುಂಬಬೇಕು. ಇಲ್ಲದಿದ್ದರೆ ಅಂಚಿನಲ್ಲಿ ಬೆಳಕು ಬಾಗಿ ಅಲ್ಲಿನ ಡೋಸ್ ಕೆಲಸಕ್ಕೆ ಬಾರದು. ಇನ್ನೊಂದು ಮುಖ್ಯ ವಿಷಯ: ಪಾಲಿಮರ್ ಜೆಲ್ ಬೆಳಕನ್ನು ಹೀರುವುದಕ್ಕಿಂತ ಜಾಸ್ತಿ ಚದುರಿಸುತ್ತದೆ. ಡೋಸ್ ಬಿದ್ದ ಕಡೆ ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ. ಇಡೀ ಜೆಲ್‌ಗೆ ಒಟ್ಟಿಗೆ ಬೆಳಕು ಚೆಲ್ಲಿ ಕ್ಯಾಮೆರಾದಲ್ಲಿ ಹಿಡಿಯುವ ಸ್ಕ್ಯಾನರ್ ಆದರೆ ಚದುರಿದ ಬೆಳಕೂ ಕ್ಯಾಮೆರಾಗೆ ಬಂದು ಲೆಕ್ಕ ಕೆಡುತ್ತದೆ. ಅಂಥ ಸ್ಕ್ಯಾನರ್‌ಗೆ ಬಣ್ಣ ಬದಲಿಸುವ ಡೋಸಿಮೀಟರೇ ಸರಿ. ಒಂದೊಂದು ಗೆರೆಯಾಗಿ ಲೇಸರ್ ಓಡಿಸುವ ಸ್ಕ್ಯಾನರ್ ಪಾಲಿಮರ್ ಜೆಲನ್ನು ಇದಕ್ಕಿಂತ ಚೆನ್ನಾಗಿ ನಿಭಾಯಿಸುತ್ತದೆ, ಆದರೆ ಹೊತ್ತು ಹಿಡಿಯುತ್ತದೆ.

ಮೂರನೆಯದು ಎಕ್ಸ್-ರೇ ಸಿಟಿ. ಇದು ರೇಡಿಯೊಥೆರಪಿ ವಿಭಾಗದಲ್ಲೇ ಇರುತ್ತದೆ, ಅದೇ ಇದರ ಆಕರ್ಷಣೆ. ಪಾಲಿಮರ್ ಆದಾಗ ಜೆಲ್‌ನ ಸಾಂದ್ರತೆ ಒಂದಿಷ್ಟು ಏರುತ್ತದೆ. ಎಷ್ಟು ಅಂತೀರಾ? ಅಕ್ರಿಲಮೈಡ್‌ನಿಂದ ಮಾಡುವ ಮಾಮೂಲಿ ಪ್ಯಾಗ್ ಜೆಲ್‌ನಲ್ಲಿ ಒಂದು ಗ್ರೇಗೆ ಹೆಚ್ಚುಕಮ್ಮಿ ಒಂದು ಹೌನ್ಸ್‌ಫೀಲ್ಡ್ ಯೂನಿಟ್ (ಸಿಟಿ ಚಿತ್ರದ ಮಾನ). ಸಿಟಿ ಚಿತ್ರದ ಗದ್ದಲದಲ್ಲೇ ಅದು ಮುಚ್ಚಿಹೋಗುತ್ತದೆ. ಒಂದೇ ಸ್ಲೈಸನ್ನು ಹತ್ತಾರು ಸಲ ತೆಗೆದು ಸರಾಸರಿ ಮಾಡಬೇಕು, ಬೀಮ್ ಕೊಡುವ ಮುಂಚಿನ ಚಿತ್ರವನ್ನು ಕಳೆಯಬೇಕು. ಹಾಗೆ ತೆಗೆಯುವ ಸ್ಕ್ಯಾನ್‌ಗಳ ಡೋಸೂ ಜೆಲ್‌ಗೇ ಸೇರುತ್ತದೆ ಅನ್ನುವುದು ನೆನಪಿರಲಿ. 12 ಗ್ರೇ, 20 ಗ್ರೇ ಕೊಡುವ ಸ್ಟೀರಿಯೊಟ್ಯಾಕ್ಟಿಕ್ (ಪುಟ್ಟ ಗುರಿಗೆ ದೊಡ್ಡ ಡೋಸಿನ) ಪರೀಕ್ಷೆಯಲ್ಲಿ, ಡೋಸ್ ಬಿದ್ದ ಜಾಗ ಸರಿಯಾ ಅಂತ ನೋಡಲು ಇದು ಸಾಕು. 2 ಗ್ರೇ ಪ್ಲಾನ್‌ನ 3% ವ್ಯತ್ಯಾಸ ಹುಡುಕಲು ಇದನ್ನು ನೆಚ್ಚಬೇಡಿ.

ಅಲ್ಟ್ರಾಸೌಂಡ್‌ನಿಂದ ಓದುವ ಪ್ರಯತ್ನಗಳೂ ಆಗಿವೆ. ಈಗ ಆರಿಸಬೇಕಾದವರು ಅದನ್ನು ಪಕ್ಕಕ್ಕಿಡಬಹುದು.

ಫ್ರಿಕೆ ಜೆಲ್: ಸುಲಭ, ಆದರೆ ಗಡಿಯಾರದ ಜೊತೆ ಓಟ

ಫೆರಸ್ ಅಯಾನ್‌ಗಳು ವಿಕಿರಣದಿಂದ ಫೆರಿಕ್ ಆಗುತ್ತವೆ. ಇದು 1920ರ ದಶಕದಿಂದ ಗೊತ್ತಿರುವ ಕ್ರಿಯೆ. ಜೆಲಟಿನ್ ಸೇರಿಸಿದರೆ ಜೆಲ್ ಆಯಿತು. ಕ್ಸೈಲೆನಾಲ್ ಆರೆಂಜ್ ಬಣ್ಣವನ್ನೂ ಹಾಕಿದರೆ ಡೋಸ್ ಬಿದ್ದ ಕಡೆ ಕಿತ್ತಳೆಯಿಂದ ನೇರಳೆಗೆ ತಿರುಗುತ್ತದೆ, ಆಪ್ಟಿಕಲ್ ಸಿಟಿಗೆ ಹೇಳಿ ಮಾಡಿಸಿದ ಹಾಗೆ. ಮಾಡುವುದು ಸುಲಭ, ರಾಸಾಯನಿಕಗಳು ಅಗ್ಗ, ಅಕ್ರಿಲಮೈಡ್‌ನಂಥ ವಿಷದ ಭಯವಿಲ್ಲ. ಆಕ್ಸಿಜನ್ ಹೊರಗಿಡುವ ರಗಳೆಯೂ ಇಲ್ಲ. ಬೀಮ್ ಮುಗಿದ ಅರ್ಧ ಗಂಟೆಯಲ್ಲಿ ಓದಬಹುದು. ಡೋಸ್ ರೇಟ್‌ಗೆ ಇದು ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ.

ತೊಂದರೆ ಒಂದೇ, ಆದರೆ ದೊಡ್ಡದು. ಫೆರಿಕ್ ಅಯಾನ್‌ಗಳು ಕೂತ ಜಾಗದಲ್ಲಿ ಕೂರುವುದಿಲ್ಲ. ಬಣ್ಣ ಹಾಕದ ಜೆಲ್‌ನಲ್ಲಿ ಅವು ಹರಡುವ ವೇಗ ಗಂಟೆಗೆ 1ರಿಂದ 2 ಚದರ ಮಿ.ಮೀ. ಲೆಕ್ಕ ಹಾಕಿ ನೋಡಿ: ಒಂದು ಗಂಟೆಯಲ್ಲಿ ಚೂಪಾದ ಅಂಚು ಒಂದೂವರೆಯಿಂದ ಎರಡು ಮಿ.ಮೀ. ಮಸುಕಾಗುತ್ತದೆ. 1 ಮಿ.ಮೀ. ವಿವರ ಬೇಕು ಅಂದುಕೊಂಡವರಿಗೆ ಅಲ್ಲಿಗೆ ಆಟ ಮುಗಿಯಿತು. ಕ್ಸೈಲೆನಾಲ್ ಆರೆಂಜ್ ಈ ಓಟವನ್ನು ಸಾಕಷ್ಟು ತಗ್ಗಿಸುತ್ತದೆ, ನಿಲ್ಲಿಸುವುದಿಲ್ಲ. ಜೆಲಟಿನ್ ಬದಲು ಪಾಲಿವಿನೈಲ್ ಆಲ್ಕೋಹಾಲ್ ಬಳಸಿದವರೂ ಇದನ್ನು ಇನ್ನಷ್ಟು ಕಡಿಮೆ ಮಾಡಿದ್ದಾರೆ. ಇನ್ನೊಂದು, ಈ ಜೆಲ್ ಸುಮ್ನೆ ಇಟ್ಟರೂ ತಾನೇ ನಿಧಾನವಾಗಿ ಬಣ್ಣ ತಿರುಗುತ್ತದೆ. ಇಂದು ಮಾಡಿ, ನಾಳೆ ಬಳಸಿ. ಮುಂದಿನ ವಾರಕ್ಕೆ ಇಡಬೇಡಿ.

ಬಂಕರ್ (ಬೀಮ್ ಕೊಡುವ ಕೋಣೆ) ಪಕ್ಕದಲ್ಲೇ ಸ್ಕ್ಯಾನರ್ ಇರುವವರಿಗೆ, ಕಲಿಸುವ ಪ್ರಯೋಗಾಲಯಗಳಿಗೆ ಇದೇ ಮೊದಲ ಆಯ್ಕೆ. ಎಂಆರ್-ಲಿನಾಕ್ ಇದ್ದರಂತೂ ಬೀಮ್ ನಿಂತ ಕೂಡಲೇ ಅದೇ ಯಂತ್ರದಲ್ಲಿ ಓದಬಹುದು. ಫ್ರಿಕೆಯ ದೊಡ್ಡ ದೋಷ ಅಲ್ಲಿ ದೋಷವೇ ಅಲ್ಲ.

ಪ್ಯಾಗ್, ಪ್ಯಾಗ್ಯಾಟ್: ಕೆಲಸ ಜಾಸ್ತಿ, ನಂಬಿಕೆಯೂ ಜಾಸ್ತಿ

ಚಿತ್ರ ಅಲುಗದೆ ನಿಲ್ಲಬೇಕು ಅಂತಲೇ ಪಾಲಿಮರ್ ಜೆಲ್ ಹುಟ್ಟಿದ್ದು. ಉದ್ದುದ್ದ ಸರಪಳಿ ಕಟ್ಟಿಕೊಂಡ ಪಾಲಿಮರ್ ಜೆಲಟಿನ್ ಬಲೆಯಲ್ಲಿ ಸಿಕ್ಕಿಕೊಂಡು ಅಲ್ಲೇ ಇರುತ್ತದೆ. 1993ರಲ್ಲಿ ಮರಿಯಾನ್‌ಸ್ಕಿ ಮತ್ತು ಸಂಗಡಿಗರು ಅಕ್ರಿಲಮೈಡ್ ಮತ್ತು ಬಿಸ್-ಅಕ್ರಿಲಮೈಡ್ ಬಳಸಿ ಅಗರೋಸ್‌ನಲ್ಲಿ ಇದನ್ನು ಮಾಡಿದರು. ಮುಂದೆ ಅಗರೋಸ್ ಹೋಗಿ ಜೆಲಟಿನ್ ಬಂತು. ಈಗಿನ ಮಾಮೂಲಿ ಪ್ಯಾಗ್ ರೆಸಿಪಿ ನೆನಪಿಡಲು ಸುಲಭ: 3% ಅಕ್ರಿಲಮೈಡ್, 3% ಬಿಸ್, 5% ಜೆಲಟಿನ್, ಉಳಿದದ್ದು ನೀರು.

ಆಗಿನ ಜೆಲ್‌ಗಳಿಗೆ ಆಕ್ಸಿಜನ್ ಶತ್ರು. ಒಂದಿಷ್ಟು ಆಕ್ಸಿಜನ್ ಸೇರಿದರೂ ಅದು ವಿಕಿರಣದಿಂದ ಹುಟ್ಟಿದ ರ‍್ಯಾಡಿಕಲ್‌ಗಳನ್ನು ನುಂಗಿಬಿಡುತ್ತದೆ, ಪಾಲಿಮರ್ ಆಗುವುದೇ ಇಲ್ಲ. ಅದಕ್ಕೆ ಕೈಗವಸು ಪೆಟ್ಟಿಗೆಯೊಳಗೆ ನೈಟ್ರೋಜನ್ ಹಾಯಿಸಿ ಗಂಟೆಗಟ್ಟಲೆ ಒದ್ದಾಡಬೇಕಿತ್ತು. 2001ರಲ್ಲಿ ಬಂದ, ಮೆಥಾಕ್ರಿಲಿಕ್ ಆಮ್ಲದ ಮ್ಯಾಜಿಕ್ ಜೆಲ್ ಆಕ್ಸಿಜನ್ ಹಿಡಿಯಲು ವಿಟಮಿನ್ ಸಿ ಬಳಸಿತು. ಬಳಿಕ ಟಿಎಚ್‌ಪಿಸಿ ಅನ್ನುವ ಫಾಸ್ಫೋನಿಯಮ್ ಲವಣ ಆ ಜಾಗಕ್ಕೆ ಬಂತು. ಅದನ್ನು ಕೊನೆಯಲ್ಲಿ ಸ್ವಲ್ಪ ಹಾಕಿದರೆ ಸಾಕು, ಕರಗಿದ ಆಕ್ಸಿಜನನ್ನು ಬೇಗ ಹಿಡಿದುಹಾಕುತ್ತದೆ. ತೆರೆದ ಮೇಜಿನ ಮೇಲೇ ಜೆಲ್ ಕಲಸಬಹುದು. ಪ್ಯಾಗ್‌ಗೆ ಇದನ್ನು ಸೇರಿಸಿದರೆ ಪ್ಯಾಗ್ಯಾಟ್. ಹಾಗಂತ ಡಬ್ಬಿಯ ವಿಷಯದಲ್ಲಿ ಉದಾಸೀನ ಬೇಡ. ಅಕ್ರಿಲಿಕ್ ಮತ್ತು ಪಾಲಿಸ್ಟೈರೀನ್ ಗೋಡೆಯ ಮೂಲಕ ಆಕ್ಸಿಜನ್ ನುಸುಳುತ್ತದೆ. ಗಾಜು ಸುರಕ್ಷಿತ. ಮೇಲ್ಭಾಗದಲ್ಲಿ ಗಾಳಿಗೆ ಜಾಗ ಬಿಡದೆ ಕತ್ತಿನ ತನಕ ತುಂಬಿ.

ಪ್ಯಾಗ್ಯಾಟ್‌ನ ಸಂವೇದನೆ ಸಾಧಾರಣ. ಆದರೆ ಡೋಸ್ ರೇಟ್ ಬದಲಾದರೆ, ಬೀಮ್ ಹೊತ್ತಿನ ಉಷ್ಣತೆ ಬದಲಾದರೆ ಮೆಥಾಕ್ರಿಲಿಕ್ ಜೆಲ್‌ನಷ್ಟು ಹಾರಾಡುವುದಿಲ್ಲ. 2006ರಲ್ಲಿ ಎರಡೂ ಬಗೆಯ ಜೆಲ್‌ಗಳನ್ನು ಎದುರುಬದುರು ಇಟ್ಟು ನೋಡಿದ ಅಧ್ಯಯನವೂ ಇದನ್ನೇ ತೋರಿಸಿತು. ಎಂಎಲ್‌ಸಿ (ಬೀಮಿಗೆ ಆಕಾರ ಕೊಡುವ ಲೋಹದ ಪಟ್ಟಿಗಳು) ಸರಿದಾಡುತ್ತಾ ಕ್ಷಣಕ್ಷಣಕ್ಕೂ ಡೋಸ್ ರೇಟ್ ಬದಲಿಸುವ ವಿಮ್ಯಾಟ್ (ಯಂತ್ರ ಸುತ್ತುತ್ತಲೇ ಡೋಸ್ ಕೊಡುವ) ಪ್ಲಾನ್‌ಗೆ ಈ ಗುಣ ಸಂವೇದನೆಗಿಂತ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ.

ಇದರ ಕೆಟ್ಟ ಗುಣಗಳು ಎರಡು. ಒಂದು, ತಾಳ್ಮೆ ಬೇಕು. ಬೀಮ್ ಮುಗಿದ ಮೇಲೂ ಸುಮಾರು 12 ಗಂಟೆ ಪಾಲಿಮರ್ ಆಗುವುದು ಮುಂದುವರಿಯುತ್ತದೆ, ಜೆಲಟಿನ್ ಬಿಗಿಯಾಗುವುದು ದಿನಗಟ್ಟಲೆ. ಆದ್ದರಿಂದ ಫ್ಯಾಂಟಮ್‌ಗೂ ಕ್ಯಾಲಿಬ್ರೇಶನ್ ಸೀಸೆಗಳಿಗೂ ಬೀಮಿನಿಂದ ಸ್ಕ್ಯಾನ್‌ವರೆಗಿನ ಅಂತರ ಒಂದೇ ಇರಬೇಕು. ಇದರ ಜೊತೆಗೆ, ತೀರಾ ಕಡಿದಾದ ಅಂಚಿನಲ್ಲಿ ಪಕ್ಕದ ಮಾನೋಮರ್ ಒಳಗೆ ಹರಿದುಬಂದು ಡೋಸ್ ನಿಜಕ್ಕಿಂತ ಜಾಸ್ತಿ ಕಾಣಿಸಬಹುದು. ಎರಡು, ಅಕ್ರಿಲಮೈಡ್ ನರಗಳಿಗೆ ವಿಷ, ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಪಟ್ಟಿಯಲ್ಲೂ ಇದೆ. ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಫ್ಯೂಮ್ ಹುಡ್, ಸರಿಯಾದ ಕೈಗವಸು, ಕಸ ವಿಲೇವಾರಿಯ ವ್ಯವಸ್ಥೆ ಇಲ್ಲದ ಕಡೆ ಇದನ್ನು ಮುಟ್ಟಲೇಬೇಡಿ.

ಮ್ಯಾಜಿಕ್, ಮ್ಯಾಗ್ಯಾಟ್: ಗಟ್ಟಿ ಸಿಗ್ನಲ್, ಚಂಚಲ ಸ್ವಭಾವ

ಮ್ಯಾಜಿಕ್, ಟಿಎಚ್‌ಪಿಸಿ ಹಾಕಿದ ಮ್ಯಾಗ್ಯಾಟ್, ಹೀಗೆ ಮೆಥಾಕ್ರಿಲಿಕ್ ಆಮ್ಲದ ಜೆಲ್‌ಗಳ ಆರ್2 ಸಂವೇದನೆ ಪ್ಯಾಗ್‌ಗಿಂತ ಹಲವು ಪಟ್ಟು ಹೆಚ್ಚು. ಕಡಿಮೆ ಡೋಸ್‌ನಲ್ಲೂ ಎಂಆರ್‌ಐ ಚಿತ್ರ ಸ್ಪಷ್ಟ. ಸ್ಕ್ಯಾನಿಗೆ ಸ್ವಲ್ಪವೇ ಹೊತ್ತು ಸಿಗುವವರಿಗೆ ಇದು ಆಸೆ ಹುಟ್ಟಿಸುತ್ತದೆ. ಕಟುವಾಸನೆ ಇದೆ, ಚರ್ಮ ಸುಡುತ್ತದೆ, ಆದರೆ ಅಕ್ರಿಲಮೈಡ್‌ನಂಥ ನರವಿಷವಲ್ಲ.

ಬೆಲೆ ಏನು ಅಂತ ಮೇಲೆಯೇ ಹೇಳಿಯಾಗಿದೆ. ನಿಧಾನವಾಗಿ ಕೊಟ್ಟ 2 ಗ್ರೇ ಮತ್ತು ವೇಗವಾಗಿ ಕೊಟ್ಟ 2 ಗ್ರೇ ಇದಕ್ಕೆ ಒಂದೇ ಅಲ್ಲ. ಬೀಮ್ ಕೊಡುವಾಗ ಜೆಲ್‌ನ ಒಳಗಿನ ಉಷ್ಣತೆ ಬೇರೆಯಾದರೂ ಉತ್ತರ ಬೇರೆ. ಡೋಸ್ ರೇಟ್ ಸ್ಥಿರವಾಗಿರುವ ಸರಳ ಫೀಲ್ಡ್‌ಗಳಿಗೆ, ಆಕಾರ ನೋಡುವ ಕೆಲಸಕ್ಕೆ ಆರಿಸಿ. ಪ್ಲಾನ್‌ನ ಡೋಸ್ ಎಷ್ಟು ಅಂತ ತೀರ್ಪು ಕೊಡಲು ಇದನ್ನು ಕೂರಿಸಬೇಡಿ.

ನೈಪ್ಯಾಮ್: ಹೊಸಬರಿಗೆ ನನ್ನ ಆಯ್ಕೆ

2006ರಲ್ಲಿ ಅಕ್ರಿಲಮೈಡ್ ಜಾಗದಲ್ಲಿ ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್ ಹಾಕಿದ ಜೆಲ್ ಬಂತು. ಹೆಸರು ಹತ್ತಿರದ್ದಾದರೂ ವಿಷ ಎಷ್ಟೋ ಕಡಿಮೆ. ಪ್ರಮಾಣವೂ ಅದೇ 3%, 3%, 5%, ಜೊತೆಗೆ ಟಿಎಚ್‌ಪಿಸಿ. ನಡವಳಿಕೆ ಪ್ಯಾಗ್ಯಾಟ್‌ಗೆ ಹತ್ತಿರ. ಎಂಆರ್‌ಐ, ಲೇಸರ್ ಆಪ್ಟಿಕಲ್ ಸಿಟಿ, ಎಕ್ಸ್-ರೇ ಸಿಟಿ ಮೂರರಲ್ಲೂ ಓದಿದವರಿದ್ದಾರೆ. ವಿಷ ಕಡಿಮೆ ಅಂದಮಾತ್ರಕ್ಕೆ ಕೈಗವಸು ಬಿಚ್ಚಬೇಡಿ. ಬಿಸ್ ಮತ್ತು ಟಿಎಚ್‌ಪಿಸಿ ಇದರಲ್ಲೂ ಇವೆ.

ಎಕ್ಸ್-ರೇ ಸಿಟಿಯೇ ಗತಿ ಅನ್ನುವವರಿಗೆ ಇದರಲ್ಲಿ ಒಂದು ಉಪಾಯ ಇದೆ. ಮಾನೋಮರ್ ಜಾಸ್ತಿ ಹಾಕಿದರೆ ಸಾಂದ್ರತೆಯ ಬದಲಾವಣೆಯೂ ಜಾಸ್ತಿ. ಆದರೆ ಬಿಸ್ ನೀರಿನಲ್ಲಿ 3% ದಾಟಿ ಕರಗಲು ಒಪ್ಪುವುದಿಲ್ಲ. ಐಸೊಪ್ರೊಪನಾಲ್ ಬೆರೆಸಿದರೆ ಒಪ್ಪುತ್ತದೆ. ಈ ದಾರಿಯಲ್ಲಿ ಮಾಡಿದ ಗಾಢ ನೈಪ್ಯಾಮ್ ಜೆಲ್‌ಗಳು ಸಿಟಿಯಲ್ಲಿ ಎಷ್ಟೋ ಚೆನ್ನಾಗಿ ಕಾಣುತ್ತವೆ.

ಇಲ್ಲೇ ವೈಪಾರ್ ಬಗ್ಗೆಯೂ ಒಂದು ಮಾತು. ಎನ್-ವಿನೈಲ್‌ಪಿರೋಲಿಡೋನ್‌ನಿಂದ ಮಾಡುವ ಇದರ ಸಂವೇದನೆ ಕಡಿಮೆ, ಆದರೆ 40 ಗ್ರೇ ಆಸುಪಾಸಿನವರೆಗೂ ತುಂಬಿಹೋಗದೆ ಅಳೆಯುತ್ತದೆ. ಬ್ರಾಕಿಥೆರಪಿ, ಒಂದೇ ಸಲದ ದೊಡ್ಡ ಡೋಸ್‌ನ ರೇಡಿಯೊಸರ್ಜರಿ ಮಾಡುವವರಿಗೆ ಬಿಟ್ಟರೆ ಉಳಿದವರಿಗೆ ಬೇಕಾಗುವುದಿಲ್ಲ.

ಪ್ರೆಸೇಜ್ ಮತ್ತು ಸಿಲಿಕೋನ್

ಪ್ರೆಸೇಜ್ ಜೆಲ್ ಅಲ್ಲ, ಗಟ್ಟಿ ಪಾಲಿಯುರೆಥೇನ್. ಒಳಗೆ ಲ್ಯೂಕೋ ಬಣ್ಣ (ಮೊದಲು ಬಣ್ಣವಿಲ್ಲದೆ ಇರುವಂಥದ್ದು) ಇರುತ್ತದೆ, ಡೋಸ್ ಬಿದ್ದ ಕಡೆ ಹಸಿರಾಗುತ್ತದೆ. ಡಬ್ಬಿಯೇ ಬೇಡ. ಆಕ್ಸಿಜನ್ ಚಿಂತೆ ಇಲ್ಲ. ಲೇತ್‌ನಲ್ಲಿ ಕೊರೆಯಬಹುದು, ಬ್ರಾಕಿಥೆರಪಿಗೆ ತೂತು ಹಾಕಬಹುದು. ಬೆಳಕನ್ನು ಚದುರಿಸದೆ ಹೀರುವುದರಿಂದ ಕ್ಯಾಮೆರಾದ ಆಪ್ಟಿಕಲ್ ಸಿಟಿಗೂ ಒಗ್ಗುತ್ತದೆ. ಎಂಆರ್‌ಐಯಲ್ಲಿ ಮಾತ್ರ ಓದಲಾಗದು.

ನೀರಿಗೆ ಸಮಾನವಾ ಅಂದರೆ, ಮೆಗಾವೋಲ್ಟೇಜ್ ಬೀಮ್‌ಗಳಿಗೆ ಹೆಚ್ಚುಕಮ್ಮಿ ಹೌದು. ಕಿಲೋವೋಲ್ಟೇಜ್‌ಗೆ, ಕಡಿಮೆ ಶಕ್ತಿಯ ಬ್ರಾಕಿ ಮೂಲಗಳಿಗೆ ಅಲ್ಲ. ತಿದ್ದುಪಡಿ ಬೇಕು. ವಕ್ರೀಭವನ ಸೂಚ್ಯಂಕ 1.5ರ ಹತ್ತಿರ ಇರುವುದರಿಂದ ಸುತ್ತ ತುಂಬುವ ಎಣ್ಣೆಯಂಥ ದ್ರವ ದುಬಾರಿ, ಅಂಟು. ಬ್ಯಾಚ್‌ನಿಂದ ಬ್ಯಾಚ್‌ಗೆ ಸಂವೇದನೆ ಬದಲಾಗುತ್ತದೆ. ಬಣ್ಣ ದಿನ ಕಳೆದಂತೆ ಮಾಸುತ್ತದೆ. ಸಾಮಾನ್ಯವಾಗಿ ಒಂದು ತುಂಡು ಒಂದೇ ಪರೀಕ್ಷೆಗೆ. ವರ್ಷಕ್ಕೆ ಬೆರಳೆಣಿಕೆಯ ಪರೀಕ್ಷೆ ಮಾಡುವವರಿಗೆ, ರಾಸಾಯನಿಕ ಪ್ರಯೋಗಾಲಯ ಇಲ್ಲದವರಿಗೆ ಇದು ಸರಿಹೊಂದುತ್ತದೆ. ವಾರಕ್ಕೊಂದು ಮಾಡುವವರ ಖರ್ಚು ಬೇಗ ಕೈಮೀರುತ್ತದೆ.

ಅಂಗ ಉಬ್ಬಿ ಕುಗ್ಗುವಾಗ ಡೋಸ್ ಎಲ್ಲಿ ಸೇರುತ್ತದೆ ಅಂತ ನೋಡಬೇಕಾದವರಿಗೆ ಸಿಲಿಕೋನ್ ಆಧಾರದ ಫ್ಲೆಕ್ಸಿಡೋಸ್3ಡಿ ಇದೆ, 2015ರಲ್ಲಿ ಬಂದದ್ದು. ಹಿಸುಕಬಹುದು, ಬಿಟ್ಟರೆ ಮೊದಲಿನ ಆಕಾರಕ್ಕೆ ಬರುತ್ತದೆ.

ಕ್ಯಾಲಿಬ್ರೇಶನ್: ಹೆಚ್ಚಿನ ಫಲಿತಾಂಶ ಕೆಡುವುದು ಇಲ್ಲಿ

ಯಾವ ಜೆಲ್ ಆರಿಸಿದರೂ ಈ ಖರ್ಚು ತಪ್ಪದು. ರೂಢಿಯ ದಾರಿ ಅಂದರೆ ಅದೇ ಬ್ಯಾಚ್‌ನ ಜೆಲನ್ನು ಪುಟ್ಟ ಸೀಸೆಗಳಲ್ಲಿ ತುಂಬಿ, ಒಂದೊಂದಕ್ಕೂ ಗೊತ್ತಿರುವ ಡೋಸ್ ಕೊಟ್ಟು, ಗೆರೆ ಎಳೆಯುವುದು. ಕೇಳಲು ಸರಳ. ಆದರೆ ಸಣ್ಣ ಸೀಸೆ ಬೇಗ ತಣ್ಣಗಾಗುತ್ತದೆ, ಐದು ಲೀಟರಿನ ಫ್ಯಾಂಟಮ್ ಇಡೀ ರಾತ್ರಿ ತೆಗೆದುಕೊಳ್ಳುತ್ತದೆ. ಜೆಲಟಿನ್ ಬಿಗಿಯಾದ ರೀತಿ ಬೇರೆ, ಸಂವೇದನೆ ಬೇರೆ. ಬೀಮ್ ಹೊತ್ತಲ್ಲಿ ಪಾಲಿಮರ್ ಆಗುವಾಗ ಹುಟ್ಟುವ ಶಾಖವೂ ದೊಡ್ಡ ಡಬ್ಬಿಯಲ್ಲಿ ಒಳಗೇ ಉಳಿಯುತ್ತದೆ. ಸೀಸೆಯ ಗೆರೆಯನ್ನು ಫ್ಯಾಂಟಮ್‌ಗೆ ಹಾಗೇ ಹಚ್ಚಿದರೆ ಡೋಸ್ ಒಟ್ಟಾರೆ ಮೇಲೆ ಅಥವಾ ಕೆಳಗೆ ಜಾರುತ್ತದೆ.

ಎರಡು ಪರಿಹಾರಗಳಿವೆ. ಫ್ಯಾಂಟಮ್‌ನಷ್ಟೇ ದೊಡ್ಡ ಇನ್ನೊಂದು ಡಬ್ಬಿ ತುಂಬಿ, ಅದಕ್ಕೆ ಸರಳ ಬೀಮ್ ಕೊಟ್ಟು, ಆಳ-ಡೋಸ್ ವಕ್ರರೇಖೆಯಿಂದಲೇ ಕ್ಯಾಲಿಬ್ರೇಟ್ ಮಾಡುವುದು ಮೊದಲನೆಯದು. ಜೆಲ್ ದುಪ್ಪಟ್ಟು ಬೇಕು. ಎರಡನೆಯದು, ಜೆಲ್‌ನಿಂದ ಸಾಪೇಕ್ಷ ಡೋಸ್ ಮಾತ್ರ ಪಡೆದು, ಸಮತಟ್ಟಾದ ಒಂದು ಜಾಗದಲ್ಲಿ ಅಯಾನ್ ಚೇಂಬರ್ ಹೇಳಿದ ಡೋಸ್‌ಗೆ ಹೊಂದಿಸುವುದು. ಬಹುಪಾಲು ಜನರಿಗೆ ನಾನು ಹೇಳುವುದು ಇದನ್ನೇ. ಆದರೆ ವರದಿಯಲ್ಲಿ "ಹೊಂದಿಸಿದ ಡೋಸ್" ಅಂತ ಬರೆಯಿರಿ. ಆಮೇಲೆ 3%/2 ಮಿ.ಮೀ. ಗಾಮಾದಲ್ಲಿ (ಅಳೆದ ಡೋಸನ್ನು ಪ್ಲಾನಿನ ಡೋಸ್‌ಗೆ ಹೋಲಿಸುವ ಲೆಕ್ಕದಲ್ಲಿ) 95% ಪಾಸ್ ಆಯಿತು ಅಂದಾಗ ಓದುವವರಿಗೆ ಅದರ ತೂಕ ಗೊತ್ತಾಗುತ್ತದೆ.

ಯಾರಿಗೆ ಯಾವುದು

ಎಂಆರ್‌ಐ ಸಂಜೆ ಹೊತ್ತಾದರೂ ಸಿಗುತ್ತದೆ, ಫ್ಯೂಮ್ ಹುಡ್ ಇದೆ, ಕೈಯಲ್ಲಿ ದುಡ್ಡಿಗಿಂತ ಸಮಯ ಜಾಸ್ತಿ ಇದೆ ಅನ್ನುವವರು ನೈಪ್ಯಾಮ್ ಮಾಡಿ. ಆ ಗುಂಪಿನಲ್ಲಿ ರಸಾಯನಶಾಸ್ತ್ರ ಬಲ್ಲವರು ಇದ್ದು, ಹಳೆಯ ಅಳತೆಗಳ ಜೊತೆ ಹೋಲಿಸಬೇಕು ಅಂತಿದ್ದರೆ ಪ್ಯಾಗ್ಯಾಟ್. ಎಂಆರ್‌ಐ ಇಲ್ಲ, ಆದರೆ ಆಪ್ಟಿಕಲ್ ಸ್ಕ್ಯಾನರ್ ಕೊಳ್ಳುವಷ್ಟು ಅನುದಾನ ಇದೆ ಅನ್ನುವವರು ಪ್ರೆಸೇಜ್ ಅಥವಾ ಬಣ್ಣದ ಫ್ರಿಕೆ ಕಡೆ ನೋಡಿ. ಎರಡರಲ್ಲಿ ಯಾವುದು ಅನ್ನುವುದು ಪರೀಕ್ಷೆಗಳ ಸಂಖ್ಯೆಯ ಮೇಲೆ ನಿಂತಿದೆ. ಅಪರೂಪಕ್ಕಾದರೆ ಪ್ರೆಸೇಜ್, ಪದೇ ಪದೇ ಆದರೆ ಫ್ರಿಕೆ. ಸಿಟಿ ಸ್ಕ್ಯಾನರ್ ಬಿಟ್ಟರೆ ಬೇರೇನೂ ಇಲ್ಲ ಅನ್ನುವವರು ಗಾಢ ನೈಪ್ಯಾಮ್ ಮಾಡಿ, ದೊಡ್ಡ ಡೋಸ್ ಕೊಟ್ಟು, ಜಾಗ ಮತ್ತು ಆಕಾರವನ್ನಷ್ಟೇ ಕೇಳಿ.

ಬಜೆಟ್ ಹಾಕುವಾಗ ರಾಸಾಯನಿಕದ ಬಿಲ್ ನೋಡಿ ಖುಷಿಪಡಬೇಡಿ, ಅದು ಇಡೀ ಲೆಕ್ಕದಲ್ಲಿ ಚಿಕ್ಕ ಭಾಗ. ಎಂಆರ್‌ಐ ಗಂಟೆಗಳು, ಗಾಜಿನ ಡಬ್ಬಿಗಳು, ಒಬ್ಬರ ಎರಡು ಮೂರು ದಿನದ ದುಡಿಮೆ, ಕೆಟ್ಟುಹೋದ ಬ್ಯಾಚ್‌ಗಳು, ಇವೆಲ್ಲ ಸೇರಿಸಿ. ಆಗ ಪ್ರೆಸೇಜ್ ಮೊದಲು ಕಂಡಷ್ಟು ದುಬಾರಿ ಅನ್ನಿಸದೇ ಇರಬಹುದು.

ಪ್ರೋಟಾನ್ ಅಥವಾ ಕಾರ್ಬನ್ ಅಯಾನ್ ಬೀಮ್ ಇರುವವರಿಗೆ ಲೆಕ್ಕ ಬೇರೆ. ಬ್ರ್ಯಾಗ್ ಶಿಖರದಲ್ಲಿ, ಅಂದರೆ ದಾರಿಯ ಕೊನೆಯಲ್ಲಿ, ಕಣ ತನ್ನ ಶಕ್ತಿಯನ್ನು ಒತ್ತೊತ್ತಾಗಿ ಸುರಿಯುತ್ತದೆ. ಅಲ್ಲಿ ಹುಟ್ಟುವ ರ‍್ಯಾಡಿಕಲ್‌ಗಳು ಮಾನೋಮರ್ ಸಿಗುವ ಮೊದಲೇ ಒಂದಕ್ಕೊಂದು ಕೂಡಿ ಮುಗಿದುಹೋಗುತ್ತವೆ. ಪಾಲಿಮರ್ ಜೆಲ್ ಆಗಲಿ ಪ್ರೆಸೇಜ್ ಆಗಲಿ, ಶಿಖರದ ಡೋಸನ್ನು ಕಡಿಮೆ ತೋರಿಸುತ್ತವೆ. ಫೋಟಾನ್ ಬೀಮ್‌ನಲ್ಲಿ ಎಳೆದ ಕ್ಯಾಲಿಬ್ರೇಶನ್ ಗೆರೆ ಅಲ್ಲಿ ನಡೆಯುವುದಿಲ್ಲ. ಬೀಮ್ ಎಷ್ಟು ಆಳ ಹೋಯಿತು, ಅಕ್ಕಪಕ್ಕಕ್ಕೆ ಎಷ್ಟು ಹರಡಿತು ಅನ್ನುವುದನ್ನು ಜೆಲ್‌ನಿಂದ ತಿಳಿಯಿರಿ, ಶಿಖರದ ಎತ್ತರವನ್ನು ಅಯಾನ್ ಚೇಂಬರಿನಿಂದ ಅಳೆಯಿರಿ.